ಕೌದಿ ಒಗೆಯಲು ಕುಮಟಾಕ್ಕೆ

ಸಮುದ್ರಕ್ಕೆ ಆಚೆಯ ದಂಡೆ ಕಾಣುವುದಿಲ್ಲ ಎಂದು ನಾನು ಹೇಳಿದಾಗ ಅವ್ವ ನಂಬಲಿಲ್ಲ. ಕೌದಿಗೆ ಸೂಜಿ ಹಾಕುತ್ತಿದ್ದವಳು ತಲೆ ಎತ್ತದೆ ಕೇಳಿದಳು.

“ಮಾಗಡಿ ಕೆರಿಗಿಂತ ದೊಡ್ಡದೈತೇನು?”

“ಮಾಗಡಿ ಕೆರಿ ಅದರಾಗ ಒಂದು ಹನಿ ಆಗೂದಿಲ್ಲವ್ವ.”

“ಡಂಬಳ ಕೆರಿ?”

“ಅದೂ ಆಗೂದಿಲ್ಲ.”

“ಹಂಗಾರ ನೀ ಪೂರ್ತಿ ನೋಡಿಲ್ಲ ಬಿಡು. ದಂಡಿ ಇಲ್ದ ನೀರು ಎಲ್ಲಿರ್ತೈತಿ? ಲಾರಿ ಇಳದು ಒಂದೀಟು ಮುಂದ ಹೋಗಿ ನೋಡಬೇಕಿತ್ತು.”

ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡ ಮೇಲೆ ಲಾರಿಯ ಹಿಂದೆ ಹತ್ತಿದೆ. ಚಕ್ರಕ್ಕೆ ಕಲ್ಲು ಕೊಟ್ಟು, ಗಾಜು ಒರೆಸಿ, ಬೈಸಿಕೊಂಡು, ಕಡೆಗೆ ಡ್ರೈವರ್ ಸೀಟಿಗೆ ಬಂದೆ. ಗದಗಿನ ಅಡತಿ ಅಂಗಡಿಯ ಲಾರಿ ಅದು. ಹೆಸರಿಗೆ ಸಾವ್ಕಾರರದ್ದು, ಆದರೆ ಅದರ ಸ್ವಭಾವ ಗೊತ್ತಿದ್ದದ್ದು ನನಗೊಬ್ಬನಿಗೇ. ಮೆಣಸಿನಕಾಯಿ ತುಂಬಿಕೊಂಡು ಶಿರಸಿಯ ಮೇಲಿಂದ ಘಾಟಿ ಇಳಿದು ಕುಮಟಾಕ್ಕೆ ಹೋಗುವುದು, ಅಲ್ಲಿಂದ ಉಪ್ಪು ತುಂಬಿಕೊಂಡು ಬರುವುದು ನನ್ನ ಕೆಲಸ. ಆ ದಾರಿಯಲ್ಲಿ ನನ್ನ ಕೈಯಲ್ಲಿ ಲಾರಿ ಒಮ್ಮೆಯೂ ಕೆಟ್ಟು ನಿಂತಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಾನು ಸುಳ್ಳಾಡುವವನಲ್ಲ ಎಂಬುದು ಬೆಟಗೇರಿಯ ನಮ್ಮ ಓಣಿಗೆಲ್ಲ ಗೊತ್ತಿತ್ತು. ದಂಡೆಯ ವಿಷಯಕ್ಕೆ ಮಾತ್ರ ಅವ್ವ ನನ್ನನ್ನು ನಂಬಲಿಲ್ಲ.

ಅವಳನ್ನು ಕರೆದುಕೊಂಡು ಹೋಗಬೇಕು ಅನ್ನಿಸಿದ್ದು ಆ ಮಾತು ಗೆಲ್ಲಲಿಕ್ಕಲ್ಲ. ಅವ್ವನ ಕೈ ಸುಮ್ಮನೆ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಮಂದಿಯ ಹಳೆಯ ಸೀರೆ, ಧೋತರಗಳನ್ನು ಜೋಡಿಸಿ ಕೌದಿ ಹೊಲಿದು ನನ್ನನ್ನು ಬೆಳೆಸಿದಳು. ನಾನು ದುಡಿಯತೊಡಗಿದ ಮೇಲೂ ಸೂಜಿ ಬಿಡಲಿಲ್ಲ. ಜ್ವರ ಬಂದರೆ ಮಲಗಿಕೊಂಡೇ ಬಟ್ಟೆಯ ಚೂರುಗಳನ್ನು ಬಣ್ಣಕ್ಕೆ ಬಣ್ಣ ವಿಂಗಡಿಸುತ್ತಿದ್ದಳು. ಒಂದು ದಿನದ ಮಟ್ಟಿಗಾದರೂ ಆ ಕೈಗಳನ್ನು ಖಾಲಿ ನೋಡಬೇಕೆಂಬುದು ನನ್ನ ಆಸೆ. ಸಮುದ್ರದ ಮುಂದೆ ನಿಂತಾಗ ನನಗೇ ಲಾರಿ ಮರೆತುಹೋಗುತ್ತಿತ್ತು. ಅವಳಿಗೂ ಸೂಜಿ ಮರೆತೀತು ಎಂದುಕೊಂಡಿದ್ದೆ.

ರಾಜ್ಯ ಒಂದಾಗುವುದಕ್ಕೆ ಹಿಂದಿನ ಬೇಸಿಗೆ ಅದು. ನಾವು ಇನ್ನೂ ಮುಂಬಯಿ ರಾಜ್ಯದವರು. ಚಹಾದಂಗಡಿಯಲ್ಲಿ ಹೊತ್ತು ಮುಳುಗುವತನಕ ಅದೇ ಮಾತು, ಯಾವ ಊರು ಯಾರ ಕಡೆ ಹೋಗುತ್ತದೆ, ಯಾವುದು ಬರುತ್ತದೆ ಅಂತ. ಅವ್ವನಿಗೆ ಅದರ ಚಿಂತೆ ಇರಲಿಲ್ಲ. ಓಣಿಯ ಬಾವಿಯಲ್ಲಿ ಕೊಡ ಮುಳುಗುವಷ್ಟು ನೀರು ಬಂದರೆ ಸಾಕು, ಯಾವ ರಾಜ್ಯವಾದರೂ ಆಗಲಿ ಅನ್ನುತ್ತಿದ್ದಳು.

ಕುಮಟಾದಲ್ಲಿ ಬೆಳಿಗ್ಗೆ ಮಾಲು ಇಳಿಸಿದರೆ ಉಪ್ಪು ಹೇರುವುದು ಮಾರನೆಯ ದಿನ. ನಡುವಿನ ಹೊತ್ತೆಲ್ಲ ನನ್ನದು. ಸಾವ್ಕಾರರನ್ನು ಕೇಳಿದೆ. “ಮನಿಮಂದಿನ ಕರಕೊಂಡು ಹೋಗು, ಆದ್ರ ಚೀಲದ ಮ್ಯಾಲ ಕುಂದ್ರಸಬ್ಯಾಡ, ಮೆಣಸಿನಕಾಯಿ ಪುಡಿ ಆಗ್ತಾವು” ಅಂದರು. ಕ್ಲೀನರನಿಗೆ ಆ ಸಲ ರಜೆ ಕೊಟ್ಟು, ಮುಂದೆ ನನ್ನ ಪಕ್ಕದಲ್ಲಿ ಜಾಗ ಮಾಡಿ, ಮನೆಗೆ ಬಂದು ಹೇಳಿದೆ.

“ಅವ್ವಾ, ಬರೋ ವಾರ ಸಮುದ್ರ ನೋಡಾಕ ಹೋಗೂಣು.”

“ನೋಡಿ ಏನ್ ಮಾಡೂದು?”

“ಏನಿಲ್ಲ. ಕುಂದ್ರೂದು, ಬುತ್ತಿ ಉಣ್ಣೂದು, ಬರೂದು.”

“ಕೆಲಸಿಲ್ಲದ ಬಡಿಗ್ಯಾ ಮಗನ ಕುಂಡಿ ಕೆತ್ತಿದ್ನಂತ” ಎಂದಳು ಅವ್ವ. “ನೀರು ನೋಡಾಕ ಘಾಟಿ ಇಳದು ಹೋಗಿದ್ಲು ಮುದಿಕಿ ಅಂತ ಓಣ್ಯಾಗ ಅನ್ನಿಸ್ಕೊಳ್ಳಲೇನು?”

ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ನಡುವೆ ಬಾಯಿ ಹಾಕಿದಳು. “ಅತ್ತಿ, ಅಲ್ಲೇ ಹತ್ರ ಗೋಕರ್ಣ ಐತಂತ್ರಿ. ದೇವರಿಗರ ಹೋಗಿ ಬರೂಣ್ರಿ.”

“ಹೊತ್ತ ಹರಕಿ ಎಲ್ಲಾ ತೀರಿಸೀನಿ. ಕೆಲಸಿಲ್ದ ದೇವರ ಮುಂದ ಹೋಗಿ ಏನಂತ ನಿಂದರ್ಲಿ? ಅವನರ ಏನು ತಿಳ್ಕೋತಾನ?”

ಅಲ್ಲಿಗೆ ಮಾತು ಮುಗಿಯಿತು ಅಂದುಕೊಂಡೆ. ಆದರೆ ಪಕ್ಕದ ಮನೆಯ ಖಾಲಾ ಎಲ್ಲವನ್ನೂ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದಳು. ಅವರು ಹತ್ತಿ ಹಿಂಜಿ ಗಾದಿ ತುಂಬುವ ಮಂದಿ. ಖಾಲಾ ಅವ್ವನಿಗಿಂತ ಸ್ವಲ್ಪ ಚಿಕ್ಕವಳು, ಒಬ್ಬರನ್ನು ಬಿಟ್ಟು ಒಬ್ಬರಿಗೆ ದಿನ ಹೋಗುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಬಾವಿಯ ಪಾಳಿಯಲ್ಲಿ ನಿಂತಾಗ ಅವಳೂ ನನ್ನ ಹೆಂಡತಿಯೂ ಏನು ಮಾತಾಡಿಕೊಂಡರೋ, ಇಬ್ಬರೂ ಅರ್ಧ ಕೊಡದ ಕೆಸರು ನೀರು ಹೊತ್ತು ಒಟ್ಟಿಗೇ ಒಳಗೆ ಬಂದರು.

ಹೆಂಡತಿ ಕೊಡ ಇಳಿಸಿ, ಮೂಲೆಯಲ್ಲಿ ಒಟ್ಟಿದ್ದ ಕೌದಿಗಳ ಕಡೆ ನೋಡಿ, ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು. “ಯುಗಾದಿ ಹೋತು, ಕೌದಿ ಒಗೀಲಿಲ್ಲ. ಈ ವರ್ಷ ಒಗಿಯೂದ ಇಲ್ಲೇನ ಮತ್ತ. ನಿಮ್ಮ ಮಗ ನೋಡಿದ್ರ ಅಲ್ಲಿ ದಂಡಿ ಇಲ್ದ ನೀರು ಬಿದ್ದೈತಿ ಅಂತಾರ.”

ಅವ್ವನ ಸೂಜಿ ನಿಂತಿತು.

“ಎಷ್ಟರ ನೀರು ತಗೋಬೋದೇನೋ ತಮ್ಮಾ?”

“ಯಾರೂ ಕೇಳಂಗಿಲ್ಲವ್ವ.”

“ಪಾಳಿ?”

“ಪಾಳಿ ಇಲ್ಲ.”

ಪಾಳಿಯಿಲ್ಲದ ನೀರು. ಅವ್ವ ಮೂಲೆಯ ಕೌದಿಗಳನ್ನು ಎಣಿಸತೊಡಗಿದಳು. ಖಾಲಾ ಮೆಲ್ಲಗೆ, “ಅಕ್ಕಾ, ಅದು ಉಪ್ಪು ನೀರಂತಲ್ಲ” ಅಂದಳು.

“ಛಲೋನ ಆತು, ತಗಣಿ ಸಾಯ್ತಾವು” ಎಂದು ಅವ್ವ ತೀರ್ಮಾನ ಕೊಟ್ಟಳು. ಅದೇ ಸಮುದ್ರದ ಉಪ್ಪನ್ನು ಲಾರಿಗಟ್ಟಲೆ ಹೊತ್ತು ತರುವ ನಾನೂ ಹೌದೆಂದು ತಲೆದೂಗಿದೆ.

ಅಲ್ಲಿಂದ ಮುಂದೆ ಆ ಪಯಣ ನನ್ನ ಕೈಯಲ್ಲಿ ಉಳಿಯಲಿಲ್ಲ. ಅವ್ವ ಖಾಲಾಳನ್ನೂ ಹೊರಡಿಸಿ, ನಮ್ಮ ಕೌದಿಗಳ ಜೊತೆಗೆ ಅವಳ ಮನೆಯವನ್ನೂ ತರಿಸಿ ಹಗ್ಗ ಕಟ್ಟಿಸಿದಳು. ಹೆಂಡತಿ ಕಟಕ್ ರೊಟ್ಟಿ ಬಡಿದು ಬಡಿದು ಬುಟ್ಟಿ ತುಂಬಿಸಿದಳು. ರೊಟ್ಟಿಗೆ ನಂಚಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕುಟ್ಟಿದರು, ಉಳ್ಳಾಗಡ್ಡಿ ಚೀಲದಲ್ಲಿ ಹಾಕಿದರು. ಕುಡಿಯುವ ನೀರಿನದು ದೊಡ್ಡ ವಾದವಾಯಿತು. ಪರಊರಿನ ನೀರು ಆಗಿಬರುವುದಿಲ್ಲ ಎಂದು ಖಾಲಾ ಹೇಳಿದ್ದಕ್ಕೆ ಎರಡು ಮಣ್ಣಿನ ಕೊಡ ತುಂಬಿದರು. ನೀರಿಲ್ಲದ ಊರಿನಿಂದ ಸಮುದ್ರಕ್ಕೆ ನೀರು ಹೊತ್ತವರು ನಾವೇ ಇರಬೇಕು.

ಆಮೇಲೆ ಅವ್ವ ಕೇಳಿದಳು. “ಅಲ್ಲಿ ಒಗಿಯು ಕಲ್ಲು ಐತೇನು?”

“ಇಲ್ಲ. ಬರೇ ಉಸುಕು.”

“ಉಸುಕಿನಾಗ ಎದರ ಮ್ಯಾಲ ಬಡೀಲಿ?”

ಹೊರಡುವ ದಿನ ಹಿತ್ತಲಿನ ಒಗೆಯುವ ಕಲ್ಲನ್ನು ಹೊತ್ತು ಲಾರಿಗೆ ಹಾಕಿದೆ. ಅಂಗಡಿಯ ಮುಂದೆ ಸಾವ್ಕಾರರು ಲಾರಿಯ ಹಿಂದೆ ಇಣುಕಿ ನೋಡಿದರು.

“ಈ ಕಲ್ಲು ಎದಕ್ಕೊ?”

“ಕೌದಿ ಒಗ್ಯಾಕ್ರಿ.”

“ಕೌದಿ ಎಲ್ಲೆ ಒಗೀತಿ?”

“ಸಮುದ್ರದಾಗ್ರಿ.”

ಅವರು ನನ್ನ ಮುಖ ನೋಡಿದರು, ಅವ್ವನ ಮುಖ ನೋಡಿದರು, ಒಳಗೆ ಹೋಗಿ ಗಾದಿಯ ಮೇಲೆ ಕುಳಿತರು.

ಲಕ್ಷ್ಮೇಶ್ವರದ ಹತ್ತಿರ ಅವ್ವ ಸೆರಗು ಮುಖದ ಮೇಲೆ ಎಳೆದುಕೊಂಡಳು. ಅವಳ ತವರು ಅಡರಕಟ್ಟಿ. ಆ ಕಡೆಯವರು ಯಾರಾದರೂ ಕಂಡಾರು, ಲಾರಿಯಲ್ಲಿ ಮೆರೆಯುತ್ತಿದ್ದಾಳೆ ಅಂದಾರು ಎಂಬ ಹೆದರಿಕೆ. ಹೆದರಿದ ಹಾಗೇ ಆಯಿತು. ಎಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದಾಗ ಬಂಡಿ ಹೊಡೆದುಕೊಂಡು ಬಂದ ತವರಿನ ಮುದುಕನೊಬ್ಬ ಗುರುತು ಹಿಡಿದುಬಿಟ್ಟ.

“ಏನವಾ ತಂಗಿ, ಎತ್ಲಾಗ ಹೊಂಟಿ?”

ಅವ್ವ ಸೆರಗು ತೆಗೆದು ನೆಟ್ಟಗೆ ಕುಳಿತಳು. “ಕೌದಿ ಒಗ್ಯಾಕ ಹೊಂಟೀನಿ ಅಣ್ಣಾ.”

“ಎಲ್ಲಿಗಿ?”

“ಕುಮಟಾಕ್ಕ.”

ಮುದುಕ ಎತ್ತಿನ ಹಗ್ಗ ಹಿಡಿದು ಹಾಗೇ ನಿಂತ. ಲಾರಿ ಕಣ್ಮರೆಯಾಗುವವರೆಗೂ ಅವನು ಅಲ್ಲೇ ನಿಂತದ್ದು ಕನ್ನಡಿಯಲ್ಲಿ ಕಾಣುತ್ತಿತ್ತು. ಖಾಲಾ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಅವ್ವನಿಗೆ ನಗೆಯೇನೂ ಬರಲಿಲ್ಲ. ಕೆಲಸಕ್ಕೆ ಹೊರಟವಳಿಗೆ ನಾಚಿಕೆ ಯಾಕೆ?

ಆ ರಾತ್ರಿ ಶಿರಸಿಯಲ್ಲಿ ತಂಗಿದೆವು. ನಸುಕಿನಲ್ಲಿ ಘಾಟಿ ಇಳಿಯುವಾಗ ನಿಂತ ನಿಂತಲ್ಲೆಲ್ಲ ಚಕ್ರಕ್ಕೆ ಕಲ್ಲು ಕೊಟ್ಟವಳು ನನ್ನ ಹೆಂಡತಿ. ಎಷ್ಟೋ ಕ್ಲೀನರುಗಳಿಗಿಂತ ಚುರುಕಾಗಿ ಕೊಟ್ಟಳು. ಕುಮಟಾದಲ್ಲಿ ಮಾಲು ಇಳಿಸಿ, ಕೌದಿ, ಕಲ್ಲು, ಕೊಡ, ಬುತ್ತಿ ಎಲ್ಲ ಹೇರಿಕೊಂಡೇ ದಂಡೆಗೆ ಬಂದೆವು.

ತೆಂಗಿನ ಮರಗಳ ಸಾಲು ದಾಟಿದೊಡನೆ ಅದು ಕಂಡಿತು. ಹೆಂಡತಿ ನಿಂತುಬಿಟ್ಟಳು. ಖಾಲಾ ತನ್ನ ದೇವರನ್ನು ನೆನೆದಳು. ಅವ್ವ ಒಂದು ಸಲ ಕಣ್ಣು ಕಿರಿದು ಮಾಡಿ ಆ ತುದಿಯಿಂದ ಈ ತುದಿಗೆ ನೋಡಿ, “ಕಲ್ಲು ಇಲ್ಲಿ ಹಾಕು, ಬಿಸಲೇರೂದ್ರಾಗ ಮುಗಸೂಣು” ಅಂದಳು.

ಸೀರೆ ಎತ್ತಿ ಕಟ್ಟಿ, ಮೊದಲ ಕೌದಿ ನೆನೆಸಿ, ಸಾಬೂನು ತಿಕ್ಕಿದಳು. ನೊರೆ ಬರಲಿಲ್ಲ. ಇನ್ನಷ್ಟು ತಿಕ್ಕಿದಳು. ಒಡೆದ ಹಾಲಿನ ಹಾಗೆ ಬಿಳಿಯ ಚೂರುಗಳು ಕೌದಿಗೆ ಅಂಟಿಕೊಂಡವು.

“ಖೊಟ್ಟಿ ಸಾಬಾಣ ತಂದೀಯಲ್ಲೋ.”

“ಹೊಸಾದು ಐತವ್ವ.”

ಬೇರೆಯದನ್ನು ತೆಗೆದುಕೊಟ್ಟೆ. ಅದೂ ಹಾಗೇ. ಖಾಲಾ ಒಂದು ಬೊಗಸೆ ನೀರು ತೆಗೆದು ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿದಳು. “ಅಕ್ಕಾ, ಸಾಬಾಣ ಛಲೋನ ಐತಿ. ನೀರ ಖೊಟ್ಟಿ ಐತಿ.”

ಅವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು. ಕೆಲಸವಿದೆ ಎಂದು ಬಂದವಳು ಕೆಲಸ ಕೆಟ್ಟಿತೆಂದು ಹೊರಟೇಬಿಟ್ಟಾಳು. ಕಲ್ಲು ಎತ್ತು, ನಡಿ ಅಂದಾಳು ಎಂದು ಹೆದರಿದೆ.

ಅಷ್ಟರಲ್ಲಿ ಒಂದು ಅಲೆ ಬಂತು. ಕಲ್ಲಿನ ಮೇಲಿದ್ದ ಕೌದಿಯನ್ನು ಎಳೆದುಕೊಂಡು ಹೊರಟಿತು. ಅವ್ವ ಹಾರಿ ಅದರ ಚುಂಗು ಹಿಡಿದಳು. ಅತ್ತ ಅಲೆ, ಇತ್ತ ಅವ್ವ.

“ಏ, ನಂದದು, ಬಿಡಲೇ” ಎಂದು ಸಮುದ್ರವನ್ನು ಬೈದಳು. ಅದು ಬಿಟ್ಟಿತು. ಬಿಟ್ಟ ರಭಸಕ್ಕೆ ಅವ್ವ ಮೊಣಕಾಲುದ್ದದ ನೀರಿನಲ್ಲಿ ದೊಪ್ಪನೆ ಕುಳಿತಳು. ಹಿಂದೆಯೇ ಬಂದ ಇನ್ನೊಂದು ಅಲೆ ಕೌದಿಯನ್ನು ತಂದು ಅವಳ ಮಡಿಲಿಗೇ ಹಾಕಿತು.

ನಾನು ಓಡಿದೆ. ಅವ್ವ ನಗುತ್ತಿದ್ದಳು. ಸೆರಗಿನ ಹಿಂದೆ ನಗುವ ನಗೆಯಲ್ಲ, ಬಾಯಿ ತುಂಬ. “ತಿರುಗಿ ಕೊಡತೈತಲೇ ಇದು” ಅಂದಳು.

ತಿರುಗಿ ಕೊಡುತ್ತದೆ ಎಂದು ತಿಳಿದ ಮೇಲೆ ಖಾಲಾ ತನ್ನದೊಂದು ಕೌದಿ ಬಿಟ್ಟು ನೋಡಿದಳು. ಅದೂ ಬಂತು. ಆಮೇಲೆ ಮೂವರು ಹೆಂಗಸರೂ ಕೌದಿ ಬಿಡುವುದು, ಹಿಡಿಯುವುದು, ಹಿಡಿಯಲಾರದೆ ಬೀಳುವುದು. ಮೆಣಸಿನಕಾಯಿ ಚೀಲದ ಮೇಲೆ ಬಂದ ಕೌದಿಗಳಾದ್ದರಿಂದ ನಡುನಡುವೆ ಎಲ್ಲರಿಗೂ ಸೀನು. ಬಲೆ ಒಣಹಾಕುತ್ತಿದ್ದ ಬೆಸ್ತರು ಕೆಲಸ ಬಿಟ್ಟು ನಮ್ಮನ್ನೇ ನೋಡಿದರು. ನೋಡಲಿ. ಊರಿಂದ ಹೊತ್ತು ತಂದ ನೀರಿನಲ್ಲಿ ಕಣ್ಣು ತೊಳೆದುಕೊಂಡು, ಉಪ್ಪು ಹತ್ತಿದ ಕೈಯಲ್ಲೇ ರೊಟ್ಟಿ ಮುರಿದು ತಿಂದೆವು. ಅವತ್ತು ಹಿಂಡಿಗೆ ಉಪ್ಪು ಕಡಿಮೆಯಾಗಿದೆ ಎಂದು ಯಾರೂ ಹೇಳಲಿಲ್ಲ.

ಹೊತ್ತು ಇಳಿದಾಗ ಅವ್ವ ಹೋಗಿ ಆ ಕಲ್ಲಿನ ಮೇಲೆ ಕುಳಿತಳು. ಅಲೆ ಬಂದು ಪಾದ ತೋಯಿಸಿ ಹೋಗುತ್ತಿತ್ತು. ಎರಡೂ ಕೈ ತೊಡೆಯ ಮೇಲೆ ಅಂಗಾತ ಬಿದ್ದಿದ್ದವು. ಸೂಜಿ ಇಲ್ಲ, ದಾರ ಇಲ್ಲ, ಚೂರು ಬಟ್ಟೆ ಇಲ್ಲ. ನಾನು ಸ್ವಲ್ಪ ಹಿಂದೆ ಉಸುಕಿನಲ್ಲಿ ಕುಳಿತು ಸಮುದ್ರ ಬಿಟ್ಟು ಆ ಕೈಗಳನ್ನೇ ನೋಡಿದೆ.

ತಿರುಗದೆಯೇ ಅಂದಳು. “ನೀ ಹೇಳಿದ್ದು ಖರೆ ಐತಿ. ದಂಡಿ ಇಲ್ಲ. ಇದ್ದಿದ್ರ ಆ ಕಡಿ ಯಾರರ ಒಗ್ಯಾಕ ಬರ್ತಿದ್ರು.”

ಹೊರಡುವಾಗ ಕಲ್ಲು ಎತ್ತಲು ಬಾಗಿದೆ.

“ಇರ್ಲಿ ಬಿಡು” ಎಂದಳು ಅವ್ವ. “ಮುಂದಿನ ಸಲ ಬೇಕಾಗತೈತಿ.”

“ಸಾಬಾಣ ನೊರಿ ಬರಂಗಿಲ್ಲಲ್ಲವ್ವ ಇಲ್ಲಿ.”

“ಅದು ಸಾಬಾಣದ ಮಾತು. ನಾ ಕಲ್ಲಿನ ಮಾತು ಹೇಳಾಕತ್ತೀನಿ.”

ಊರಿಗೆ ಬಂದ ಮೇಲೆ ಕೌದಿಗಳು ಹಪ್ಪಳದ ಹಾಗೆ ಗಡುಸಾದವು. ಮಳೆಗಾಲ ಬಂದೊಡನೆ ಉಪ್ಪಿಗೆ ತೇವ ಹಿಡಿದು ಮೆತ್ತಗಾದವು. ಅವ್ವ ಮೂಸಿ ನೋಡಿ, “ಕುಮಟಾ ವಾಸನಿ ಬಂತು” ಅನ್ನುತ್ತಿದ್ದಳು. ತಿಗಣೆಗಳು ಮಾತ್ರ ಸಾಯಲಿಲ್ಲ. ಮಳೆ ಮುಗಿದು ರಾಜ್ಯ ಒಂದಾದಾಗ ಓಣಿಯಲ್ಲಿ ಸಕ್ಕರೆ ಹಂಚಿದರು. ಅವ್ವ ಸಕ್ಕರೆ ಬಾಯಿಗೆ ಹಾಕಿಕೊಂಡು ಕೇಳಿದಳು.

“ಕುಮಟಾನೂ ನಮ್ಮ ಕಡೇನ ಬಂತೇನು?”

“ಬಂತವ್ವ.”

“ಹಂಗಾರ ಕಲ್ಲು ಎಲ್ಲೂ ಹೋಗಂಗಿಲ್ಲ ಬಿಡು.”

ಹಿತ್ತಲಿಗೆ ಬೇರೆ ಕಲ್ಲು ತಂದುಕೊಟ್ಟಿದ್ದೆ. ಅದು ಸರಿಯಿಲ್ಲ, ನುಣುಪು ಸಾಲದು ಎಂದು ಚಳಿಗಾಲವೆಲ್ಲ ಬೈದಳು. ಯುಗಾದಿ ಕಳೆದದ್ದೇ ತಡ, ತಾನಾಗಿಯೇ ಕೇಳಿದಳು. “ಹೋಗಿ ಕಲ್ಲು ತರೂಣೇನು?”

ಹೋದೆವು. ಅದೇ ನಾಲ್ಕು ಜನ, ಕೌದಿಗಳಿಲ್ಲದೆ. ವರ್ಷದ ಉಸುಕು ದಂಡೆಯ ಗುರುತನ್ನೇ ಅಳಿಸಿತ್ತು. ಅವ್ವನೂ ಖಾಲಾಳೂ ಸೀರೆ ಎತ್ತಿ ಹಿಡಿದು, ನೀರಿನಂಚಿನಲ್ಲಿ ಕಾಲ ಬೆರಳಿಂದ ಉಸುಕು ಕೆದಕುತ್ತ ನಡೆದರು. ಕೆದಕುವುದು ಕಡಿಮೆ, ನಿಂತು ನೋಡುವುದು ಹೆಚ್ಚು. ನಾನು ಇನ್ನೊಂದು ಕಡೆ ಹುಡುಕುತ್ತಿದ್ದೆ. ಅಂಗಾಲಿಗೆ ಏನೋ ಗಟ್ಟಿಯಾದದ್ದು ತಾಗಿತು. ಬಾಗಿ ನೋಡಿದರೆ ನಮ್ಮ ಕಲ್ಲಿನ ಮೂಲೆ.

“ಅಲ್ಲಿ ಏನರ ಐತೇನೋ?” ಅವ್ವ ದೂರದಿಂದ ಕೂಗಿದಳು.

ನಾನು ಸುಳ್ಳಾಡುವವನಲ್ಲ. ಬಾಯಿ ತೆರೆಯಲಿಲ್ಲ. ಕಾಲಿನಿಂದ ಉಸುಕು ಎಳೆದು ಅದರ ಮೇಲೆ ನಿಂತುಕೊಂಡೆ.

ಅವ್ವ ಹತ್ತಿರ ಬಂದಳು. ನನ್ನ ಮುಖ ನೋಡಿದಳು, ಕಾಲ ಕೆಳಗಿನ ಹೊಸ ಉಸುಕು ನೋಡಿದಳು. “ಸಿಗಲಿಲ್ಲಲ್ಲ? ಬರೋ ವರ್ಷ ನೋಡಿದ್ರಾತು” ಎಂದು ನನ್ನ ಪಕ್ಕದಲ್ಲೇ ಕಾಲು ಚಾಚಿ ಕುಳಿತು, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು.