ಭೀಮಶಾನ ತಂಗಿ

ಬದುಕಿದ್ದವರ ಮನೆಗೆ ಹೋಗಬೇಕೆಂದರೆ ಗುರುದೇವಿಗೆ ಎಲ್ಲಿಲ್ಲದ ಸಂಕೋಚ. ಸತ್ತವರ ಮನೆಯಾದರೆ ಸೀದಾ ಅಡುಗೆಮನೆಗೇ ಹೊಕ್ಕುಬಿಡುತ್ತಿದ್ದಳು. ಚಿತ್ತಾಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳು. ಮದುವೆಯಾಗಲಿಲ್ಲ, ಒಡಹುಟ್ಟಿದವರಿಲ್ಲ. ತಾಯಿ ತೀರಿಕೊಂಡ ಮೇಲೆ ಬಾಡಿಗೆಯ ಎರಡು ಕೋಣೆಗಳಲ್ಲಿ ಅವಳ ಜೊತೆಗೆ ಉಳಿದವರೆಂದರೆ ಕಾಗಿಣಾ ಬಳಗದ ಹದಿಮೂರು ಮಂದಿ. ಅವರೂ ಸತ್ತು ಎಷ್ಟೋ ಕಾಲವಾಗಿತ್ತು.

ನೂರು ವರ್ಷದ ಹಿಂದೆ ದಂಡೋತಿಯ ಕಾಗಿಣಾ ಹೊಳೆದಂಡೆಯಲ್ಲಿ ಗುರುಲಿಂಗಯ್ಯ ಎಂಬುವರು ಕಟ್ಟಿದ ಬಳಗ ಅದು. ಜಾತಿ ಕೇಳದೆ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು, ವಚನ ಹಾಡುವುದು, ಇಷ್ಟೇ ಅವರ ಧರ್ಮ. ಇಷ್ಟಕ್ಕೇ ಊರು ಅವರನ್ನು ಹೊರಗಿಟ್ಟಿತು. ಆ ಮೊದಲ ಹದಿಮೂರು ಮಂದಿ ಒಬ್ಬರಿಗೊಬ್ಬರು ಏನಾಗಬೇಕು ಎಂದು ಬಿಡಿಸುವುದೇ ಗುರುದೇವಿಯ ಹುಚ್ಚು. ಈಗ ಬಳಗದ ಶತಮಾನೋತ್ಸವದ ಪುಸ್ತಕಕ್ಕೆ ಅದನ್ನು ಬರೆದುಕೊಡುವ ಕೆಲಸವೂ ಅವಳ ಪಾಲಿಗೆ ಬಂದಿತ್ತು.

ಗುರುಲಿಂಗಯ್ಯನವರ ನೋಟ್‌ಬುಕ್ಕಿನಲ್ಲಿ ಆ ಹದಿಮೂರರಲ್ಲಿ ಇಬ್ಬರ ಬಗ್ಗೆ ‘ಭೀಮಶಾನ ತಂಗಿ ಪೀರಮ್ಮ’ ಎಂದಿತ್ತು. ಪೀರಮ್ಮ ಗುರುದೇವಿಯ ತಾಯಿಯ ತಾಯಿ. ಹಾಗಾದರೆ ಭೀಮಶಾನ ಮೊಮ್ಮಗ ಅಮೃತಪ್ಪ ವರಸೆಯಲ್ಲಿ ತಮ್ಮನಾದ. ಎಂಟು ವರ್ಷದ ಹಿಂದೆ ಆ ಒಂದು ಸಾಲು ಹಿಡಿದುಕೊಂಡು ದಂಡೋತಿಗೆ ಹೋದಾಗ ಅಮೃತಪ್ಪ ಹಿಂದೆ ಮುಂದೆ ನೋಡಲಿಲ್ಲ.

“ಇಷ್ಟ ದಿನ ಎಲ್ಲಿದ್ದಿ ಅಕ್ಕಾ? ಪಂಚಮಿಗಿ ನೀ ಬರಲೇಬೇಕು ನೋಡು.”

ಅಂದಿನಿಂದ ಪ್ರತಿ ನಾಗಪಂಚಮಿಗೆ ಅವನೇ ಮೋಟರ್ ಸೈಕಲ್ ತಂದು ಕರೆದೊಯ್ಯುತ್ತಿದ್ದ. ತಮ್ಮ ಕೊಟ್ಟ ಸೀರೆ ಉಟ್ಟು, ಶೇಂಗಾ ಉಂಡಿ ಕಟ್ಟಿಸಿಕೊಂಡು ಬರುತ್ತಿದ್ದಳು. ವಾರ ಮೊದಲೇ ಓಣಿಗೆಲ್ಲ “ತವರಿಗಿ ಹೊಂಟೀನ್ರಿ” ಎಂದು ಸಾರುವುದು ಬೇರೆ. ಕಾಗುಣಿತ ತಪ್ಪಿದವರ ಕಿವಿ ಹಿಂಡುತ್ತಿದ್ದ ಟೀಚರು ಅರವತ್ತರ ವಯಸ್ಸಿನಲ್ಲಿ ಜೋಕಾಲಿ ಆಡಿದಳೆಂದರೆ ಯಾರು ನಂಬಬೇಕು?

ಈ ಆಷಾಢದಲ್ಲಿ ಸೇಡಂನಲ್ಲಿ ಬಸ್ಸು ಬದಲಿಸಿ ಕೊಡ್ಲಿ ಎಂಬ ಊರಿಗೆ ಹೋದಳು. ನೋಟ್‌ಬುಕ್ಕಿನ ಪ್ರಕಾರ ಭೀಮಶಾನಿಗೆ ಜಗದೇವಿ ಎಂಬ ಇನ್ನೊಬ್ಬ ತಂಗಿ. ಅಲ್ಲಿದ್ದ ಅವಳ ಮಗಳು ದಾನಮ್ಮನಿಗೆ ಈಗ ತೊಂಬತ್ತರ ಹತ್ತಿರ.

“ಭೀಮಶಾ ನಿಮಗ ಸೋದರಮಾವ ಆಗಬೇಕಲ್ರಿ?” ಎಂದು ಗುರುದೇವಿ ಕೇಳಿದಳು.

ಮುದುಕಿ ನಕ್ಕಳು. “ಮಾವ ಎಲ್ಲಿಂದ ಬರಬೇಕವ್ವಾ? ನಮ್ಮವ್ವ ಅವರಪ್ಪಗ ಒಬ್ಬಾಕಿನೇ ಕೂಸು. ಬಳಗ ಸೇರಿದ ಹೆಣ್ಮಕ್ಕಳಿಗಿ ತವರಿನವರು ಬಾಗಿಲಾ ಹಾಕ್ತಿದ್ರು. ಅದಕ್ಕ ಬಳಗದಾಗ ಯಾರು ಹೊಣಿ ಹೊತ್ತಾರ, ಅವರ ತಂಗಿ ಅಂತ ಬರೀತಿದ್ರು. ನಿಮ್ಮಜ್ಜಿ ಪೀರಮ್ಮನೂ ಹಂಗೇ. ಆಕಿ ಶಹಾಬಾದ ಕಡಿಯಾಕಿ, ತನ್ನೋರು ಅಂತ ಯಾರೂ ಇರಲಿಲ್ಲ.”

‘ತಂಗಿ’ ಎಂಬ ಎರಡಕ್ಷರದ ಪದಕ್ಕೆ ತಪ್ಪು ಅರ್ಥ ಮಾಡಿಕೊಂಡಿದ್ದಳು, ಅದೂ ಕನ್ನಡದ ಟೀಚರು. ಸೇಡಂ ಬಸ್ ಸ್ಟ್ಯಾಂಡಿನ ಫರಶಿ ಕಲ್ಲಿನ ಬೆಂಚಿನ ಮೇಲೆ ಕೂತು ಅತ್ತಳು. ಚಿತ್ತಾಪುರದ ಎರಡು ಬಸ್ಸು ಬಂದು ಹೋದವು.

ದಾನಮ್ಮನ ಮಾತು ಕೇಳಿದವಳು ತಾನೊಬ್ಬಳೇ. ಸುಮ್ಮನಿದ್ದರೆ ತವರು ಉಳಿಯುತ್ತದೆ. ಹತ್ತು ದಿನ ಸುಮ್ಮನೇ ಇದ್ದಳು. ಆದರೆ ಹಾಗೇ ಅಚ್ಚಾದರೆ, ಯಾರ ಆಸರೆಯೂ ಇಲ್ಲದೆ ಹೊರಟುಬಂದ ಪೀರಮ್ಮ ಅಣ್ಣನ ಬೆನ್ನುಹತ್ತಿ ಬಂದವಳಾಗಿ ಉಳಿಯುತ್ತಾಳೆ. ಅಜ್ಜಿಗೆ ಅಷ್ಟು ಅನ್ಯಾಯ ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ‘ರಕ್ತಸಂಬಂಧವಿಲ್ಲ’ ಎಂದು ತಿದ್ದಿ ಪುಟವನ್ನು ಅಚ್ಚಿಗೆ ಕಳಿಸಿದಳು. ಅಮೃತಪ್ಪನಿಗೂ ಒಂದು ಪ್ರತಿ ಕಳಿಸಿದಳು.

ಪಂಚಮಿಗೆ ನಾಲ್ಕು ದಿನವಿರುವಾಗ ಅವನ ಫೋನು ಬಂತು.

“ಓದಿದೆರಿ. ಏನಾತ್ರಿ ಅದರಾಗ? ಅನುಕೂಲ ಆದ್ರ ಹಬ್ಬಕ್ಕ ಬರ್ರಿ ಟೀಚರ್.”

ಒಳ್ಳೆಯ ಮನುಷ್ಯ, ಕರೆಯುವುದನ್ನು ಬಿಡಲಿಲ್ಲ. ಎಂಟು ವರ್ಷ ‘ಬಾ ಅಕ್ಕಾ’ ಎಂದ ಬಾಯಿಗೆ ಬಹುವಚನ ಕಲಿಸಿದವಳು ಗುರುದೇವಿಯೇ.

“ನೋಡ್ತೀನ್ರಿ” ಎಂದು ಅವಳೂ ಮರ್ಯಾದೆಯಿಂದಲೇ ಹೇಳಿ ಫೋನಿಟ್ಟಳು.