ಕಿವಿ ಮೇಸ್ತ್ರಿ ಕಟ್ಟಿದ ಸದ್ದಿಲ್ಲದ ಕಂಪ್ಯೂಟರ್

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತೋ ಏನೋ, ಎಲ್ಲರ ಬಾಯಲ್ಲೂ ಅವನು ಕಿವಿ ಮೇಸ್ತ್ರಿ. ಬೀಗದ ಕೈ ಮಾಡುವವನ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ, ಇಬ್ಬರು ಒಳಗೆ ನಿಂತರೆ ಮೂರನೆಯವರು ಹೊರಗೇ ಕಾಯಬೇಕಾದ ಒಂದು ಕೋಣೆ ಅವನ ಅಂಗಡಿ. ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದ, ಆಮೇಲೆ ಟಿವಿ, ಆಮೇಲೆ ಕಂಪ್ಯೂಟರ್. ಸಾಮಾನು ಬದಲಾಯಿತೇ ಹೊರತು ಅವನ ಪದ್ಧತಿ ಬದಲಾಗಲಿಲ್ಲ. ಮೊದಲು ಕಿವಿಗೊಟ್ಟು ಕೇಳುವುದು, ಆಮೇಲೆ ಸ್ಕ್ರೂಡ್ರೈವರ್ ಹಿಡಿಯುವುದು.

ಸದ್ದು ಮಾಡದ ಕಂಪ್ಯೂಟರ್ ಕಟ್ಟುವುದರಲ್ಲಂತೂ ಅವನದು ಎತ್ತಿದ ಕೈ. ಧ್ವನಿ ರೆಕಾರ್ಡ್ ಮಾಡುವವರು, ಮನೆಯಲ್ಲೇ ಕೂತು ಸಾಫ್ಟ್‌ವೇರ್ ಬರೆಯುವವರು, ಫ್ಯಾನಿನ ಗುರ್ ಸದ್ದಿಗೆ ತಲೆ ಚಿಟ್ಟುಹಿಡಿದವರು ಎಲ್ಲಿಂದೆಲ್ಲಿಂದಲೋ ಹುಡುಕಿಕೊಂಡು ಬರುತ್ತಿದ್ದರು. ಶಬ್ದ ಅಳೆಯುವ ಮೀಟರ್ ಇಲ್ಲವೇ ಎಂದು ಯಾರಾದರೂ ಕೇಳಿದರೆ ಎಡಗಿವಿಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸುತ್ತಿದ್ದ. ಯಂತ್ರ ಸಿದ್ಧವಾದ ದಿನ ಮಧ್ಯಾಹ್ನ ಶಟರ್ ಪೂರ್ತಿ ಇಳಿಸಿ, ಒಂದು ಮರದ ಪಟ್ಟಿಯ ತುದಿಯನ್ನು ಕ್ಯಾಬಿನೆಟ್ಟಿಗೂ ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಎಲುಬಿಗೂ ಒತ್ತಿ, ಕಣ್ಣು ಮುಚ್ಚಿ ಒಂದು ಗಂಟೆ ಕೂರುವನು. ಒಪ್ಪಿಗೆಯಾದರೆ ಒಂದು ಚೀಟಿಯಲ್ಲಿ ‘ಕೇಳಿದ್ದೇನೆ’ ಎಂದು ಬರೆದು ಸಹಿ ಹಾಕಿ ಕ್ಯಾಬಿನೆಟ್ಟಿನ ಒಳಗೋಡೆಗೆ ಅಂಟಿಸುವನು. ಆ ಚೀಟಿ ಇದ್ದ ಮೇಲೆ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಹೊಗಳಿಸಿಕೊಂಡು ಬದುಕಿದ ಮನುಷ್ಯ, ಸ್ವಲ್ಪ ಉಬ್ಬಿದ್ದ. ಅದರಲ್ಲಿ ತಪ್ಪೇನಿದೆ ಬಿಡಿ. ಮನೆಯಲ್ಲಿ ಹೆಂಡತಿ ಮಾತ್ರ ಆಗಾಗ ರೇಗುತ್ತಿದ್ದಳು. “ಟಿವಿ ಯಾಕ್ರೀ ಅಷ್ಟು ಜೋರಾಗಿಡ್ತೀರಿ? ಆಚೆ ಬೀದಿಯವರೂ ನಮ್ಮನೇಲೇ ವಾರ್ತೆ ಕೇಳ್ತಾರೆ.”

“ಈಗಿನ ಟಿವಿಗಳ ಸ್ಪೀಕರ್ ಗೋಡೆ ಕಡೆ ಮುಖ ಮಾಡಿರುತ್ತೆ ಕಣೇ. ಗೋಡೆಗೆ ಚೆನ್ನಾಗಿ ಕೇಳಿಸುತ್ತೆ” ಎಂದು ಅವನು ನಗುತ್ತಿದ್ದ.

ಅವನಿಗೆ ಐವತ್ತೆಂಟು ನಡೆಯುತ್ತಿದ್ದಾಗ ಒಬ್ಬಳು ಹೆಂಗಸು ಬಂದಳು. ವಯಸ್ಸು ಐವತ್ತರ ಹತ್ತಿರ, ಕನ್ನಡಕ, ನಿದ್ದೆಗೆಟ್ಟ ಮುಖ. ಸ್ಟೂಲಿನ ಮೇಲೆ ಕೂತವಳೇ ವಿಷಯಕ್ಕೆ ಬಂದಳು. “ಮನೆಯಿಂದ ಸಾಫ್ಟ್‌ವೇರ್ ಬರೀತೀನಿ. ನನಗೊಂದು ಯಂತ್ರ ಬೇಕು ಮೇಸ್ತ್ರಿ. ಸದ್ದು ಮಾಡಬಾರ್ದು.”

“ಎಲ್ಲಾರೂ ಹಾಗೇ ಹೇಳ್ತಾರಮ್ಮ. ಎಷ್ಟು ಸದ್ದು ಮಾಡಬಾರ್ದು?”

“ಒಂಚೂರೂ.”

ಹೇಳಿದಳು ಎಲ್ಲವನ್ನೂ. ಇರುವುದು ಒಂದು ರೂಮು, ಒಂದು ಅಡುಗೆಮನೆ. ಜೊತೆಯಲ್ಲಿ ತಂಗಿ. ಹದಿನೈದು ವರ್ಷ ಚಿಕ್ಕವಳು, ಅಪ್ಪ ಅಮ್ಮ ಹೋದ ಮೇಲೆ ಇವಳೇ ಸಾಕಿದ್ದು. ಐದು ವರ್ಷದ ಹಿಂದೆ ಮಿದುಳಿಗೆ ಜ್ವರ ಏರಿತು. ಜೀವ ಉಳಿಯಿತು, ಮಾತು ಹೋಯಿತು. ಅಂದಿನಿಂದ ಸದ್ದೆಂದರೆ ಅವಳಿಗೆ ಮೈಗೆ ಸೂಜಿ ಚುಚ್ಚಿದ ಹಾಗೆ. ಚಮಚ ಬಿದ್ದರೂ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಮುದುಡಿಹೋಗುತ್ತಾಳೆ. ರೂಮಿನ ನಡುವೆ ಒಂದು ಪರದೆ. ಆಚೆ ತಂಗಿಯ ಮಂಚ, ಈಚೆ ಅಕ್ಕನ ಮೇಜು. ದೊಡ್ಡ ಪ್ರೋಗ್ರಾಮ್ ಕಂಪೈಲ್ ಮಾಡುವಾಗ, ಅಂದರೆ ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವಾಗ, ಲ್ಯಾಪ್‌ಟಾಪಿನ ಫ್ಯಾನು ಅರಚತೊಡಗುತ್ತದೆ, ತಂಗಿ ಅಳತೊಡಗುತ್ತಾಳೆ, ಕೆಲಸ ನಿಲ್ಲುತ್ತದೆ. ಹೀಗೆ ನಿಂತು ನಿಂತು ಕಂಪನಿಯವರ ತಾಳ್ಮೆ ಮುಗಿದಿತ್ತು. ಮನೆಯಲ್ಲಿ ಆಗದಿದ್ದರೆ ದಿನಾ ಆಫೀಸಿಗೆ ಬಾ ಎಂದಿದ್ದರು.

“ಆಫೀಸಿಗೆ ಹೋದ್ರೆ ಇವಳನ್ನ ಯಾವ್ದಾದ್ರೂ ಆರೈಕೆ ಕೇಂದ್ರಕ್ಕೆ ಸೇರಿಸ್ಬೇಕು. ಅಲ್ಲಿ ಒಂದು ಹಾಲಲ್ಲಿ ಇಪ್ಪತ್ತು ಜನ. ಅವಳನ್ನ ಅಲ್ಲಿ ಬಿಟ್ಟು ನಾನು ಹೇಗೆ ಊಟ ಮಾಡ್ಲಿ?”

ಮೇಸ್ತ್ರಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. “ಬಿಡಮ್ಮ, ಆ ಚಿಂತೆ ನನಗೆ ಬಿಡು. ಎದುರಿಗೆ ಇಟ್ಕೊಂಡ್ರೂ ಅದು ಇದೆ ಅಂತ ಗೊತ್ತಾಗ್ಬಾರ್ದು, ಹಾಗೆ ಮಾಡ್ಕೊಡ್ತೀನಿ” ಎಂದ.

ಒಂಬತ್ತು ದಿನ ಹಿಡಿಯಿತು. ಒಂದೊಂದು ಭಾಗವನ್ನೂ ಹೆಣ್ಣಿಗೆ ಗಂಡು ನೋಡುವವನ ಹಾಗೆ ಆರಿಸಿದ. ಪ್ರೊಸೆಸರ್ ಹಲವು ಕೋರ್‌ಗಳದ್ದೇ, ಆದರೆ ಬೇಗ ಬಿಸಿಯೇರದ್ದು. ಅದರ ಮೇಲೆ ಇಟ್ಟಿಗೆಯಷ್ಟು ದಪ್ಪದ ಕೂಲರ್, ನಿಧಾನಕ್ಕೆ ತಿರುಗುವ ಅಗಲ ಫ್ಯಾನು. ತಿರುಗುವ ಹಾರ್ಡ್‌ಡಿಸ್ಕ್ ಬೇಡವೇ ಬೇಡ, ತಿರುಗದ ಎಸ್‌ಎಸ್‌ಡಿಯೇ ಸಾಕು. ಕೋಡ್ ಬರೆಯುವವಳಿಗೆ ಗ್ರಾಫಿಕ್ಸ್ ಕಾರ್ಡ್ ಯಾಕೆ? ಅದೂ ಬೇಡ. ಕ್ಯಾಬಿನೆಟ್ಟಿಗೆ ಒಳಗಡೆಯಿಂದ ದಪ್ಪ ಬಟ್ಟೆಯ ಹೊದಿಕೆ, ಸ್ಕ್ರೂಗಳಿಗೆಲ್ಲ ರಬ್ಬರ್ ಬಿಲ್ಲೆ. ಕೊನೆಗೆ ಯಂತ್ರಕ್ಕೆಲ್ಲ ಕರೆಂಟು ಹಂಚುವ ಡಬ್ಬಿ, ಪವರ್ ಸಪ್ಲೈ. ಅಲ್ಲೇ ಅವನು ತನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿದ್ದು. ಫ್ಯಾನೇ ಇಲ್ಲದ ಪವರ್ ಸಪ್ಲೈ ಒಂದನ್ನು ತರಿಸಿದ. ತಿರುಗುವುದೇ ಇಲ್ಲ ಎಂದ ಮೇಲೆ ಸದ್ದು ಎಲ್ಲಿಂದ ಬರಬೇಕು? ಮಧ್ಯಾಹ್ನ ಶಟರ್ ಇಳಿಸಿ, ಕಂಪೈಲಿಗೆ ಹಚ್ಚಿ, ಮರದ ಪಟ್ಟಿ ಒತ್ತಿ ಗಂಟೆಗಟ್ಟಲೆ ಕೇಳಿದ. ಅಂಥ ನಿಶ್ಶಬ್ದವನ್ನು ಅವನು ತನ್ನ ಆಯುಸ್ಸಿನಲ್ಲೇ ಕಟ್ಟಿರಲಿಲ್ಲ. ಚೀಟಿ ಅಂಟಿಸುವಾಗ ಕಣ್ಣಲ್ಲಿ ನೀರು ಬಂದಿತ್ತು ಎಂದು ಆಮೇಲೆ ಹೆಂಡತಿಗೆ ಹೇಳಿಕೊಂಡ.

ಯಂತ್ರ ಮನೆ ಸೇರಿದ ಮೂರನೇ ದಿನ ಅಕ್ಕನ ಫೋನು. “ಮೇಸ್ತ್ರಿ, ಕೆಲಸ ಶುರು ಮಾಡಿದ್ರೆ ಸಾಕು, ಅಳ್ತಾಳೆ. ನನಗೇನೂ ಕೇಳಿಸ್ತಿಲ್ಲ. ಒಂದ್ಸಲ ಬಂದು ನೋಡ್ತೀರಾ?”

ಹೋದ. ಪರದೆ ಸರಿದಿತ್ತು. ಮಂಚದ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ತಂಗಿ ಕೂತಿದ್ದಳು. ಅವನು ಮರದ ಪಟ್ಟಿ ಇಟ್ಟು ಕೇಳಿದ. ಏನೂ ಇಲ್ಲ. ಪಟ್ಟಿ ತೆಗೆದು ಕೇಳಿದ, ನೆಲಕ್ಕೆ ಕೂತು ಕೇಳಿದ. ಏನೂ ಇಲ್ಲ. ಆ ವಾರದಲ್ಲಿ ಇನ್ನೊಂದು ಸಲ ಕರೆಸಿದಾಗ ಅವನಿಗೆ ಸ್ವಲ್ಪ ಸಿಟ್ಟೂ ಬಂದಿತ್ತು.

“ಯಂತ್ರ ಬಾಯಿ ಮುಚ್ಕೊಂಡು ಕೂತಿದೆ ಕಣಮ್ಮ. ಮೂವತ್ತೈದು ವರ್ಷದಿಂದ ಇದೇ ಕಿವಿ ನಂಬ್ಕೊಂಡು ಅನ್ನ ತಿಂದೋನು ನಾನು. ನಿಮ್ಮ ತಂಗಿಗೆ ಬೇರೇನೋ ಆಗ್ತಿದೆ. ಡಾಕ್ಟರಿಗೆ ತೋರ್ಸಿ.”

ಆಗ ತಂಗಿ ಒಂದು ಕೈಯನ್ನು ಕಿವಿಯಿಂದ ತೆಗೆದು, ಬೆರಳು ಚಾಚಿ ಯಂತ್ರವನ್ನು ತೋರಿಸಿದಳು. ಮೇಸ್ತ್ರಿ ಮಗುವಿಗೆ ನಕ್ಕ ಹಾಗೆ ನಕ್ಕ. ಅಕ್ಕ ಹೋಗಿ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು. “ಸದ್ದಿಲ್ಲ ಪುಟ್ಟಾ. ಮೇಸ್ತ್ರಿಗಿಂತ ಚೆನ್ನಾಗಿ ಯಾರಿಗೆ ಕೇಳಿಸುತ್ತೆ ಹೇಳು?”

ಡಾಕ್ಟರು ಕಾಯಿಲೆ ಏರುತ್ತಿದೆ ಎಂದರು. ಮಾತ್ರೆ ಒಂದಿದ್ದದ್ದು ಮೂರಾಯಿತು. ತಂಗಿಯ ಅಳು ನಿಲ್ಲಲಿಲ್ಲ. ಎರಡು ತಿಂಗಳು ತಳ್ಳಿದ ಮೇಲೆ ಒಂದು ಬೆಳಿಗ್ಗೆ ಅಕ್ಕ ಅಂಗಡಿ ಮುಂದೆ ಹಾದುಹೋಗುವಾಗ ನಿಂತಳು. ಕೈಯಲ್ಲಿ ಖಾಲಿ ಚೀಲ. “ಬಿಟ್ಟು ಬಂದೆ ಮೇಸ್ತ್ರಿ” ಎಂದಳು. ಅಷ್ಟೇ. ಅವನೂ ಒಂದೆರಡು ಸಮಾಧಾನದ ಮಾತು ಹೇಳಿದ. ನಾಲ್ಕು ದಿನ ಊಟ ರುಚಿಸಲಿಲ್ಲ, ಆಮೇಲೆ ಕೆಲಸದಲ್ಲಿ ಮರೆತ.

ಚಳಿ ಶುರುವಾಗುವ ಹೊತ್ತಿಗೆ ಆ ಯಂತ್ರ ಇನ್ನಷ್ಟು ಮೆಮೊರಿ ಹಾಕಿಸಿಕೊಳ್ಳಲು ಅಂಗಡಿಗೆ ಬಂತು. ಹಾಕಿ, ಪರೀಕ್ಷೆಗೆ ಓಡಲು ಬಿಟ್ಟಿದ್ದ. ಜೆರಾಕ್ಸ್ ಅಂಗಡಿಗೆ ಹೊಸದಾಗಿ ಸೇರಿದ್ದ ಹುಡುಗಿ ಸ್ಟೇಪ್ಲರ್ ಕೇಳಲು ಒಳಗೆ ಬಂದವಳು ಮುಖ ಹಿಂಡಿದಳು.

“ಅಯ್ಯಪ್ಪಾ, ಅಂಕಲ್, ಏನದು ಕೀ ಅಂತಿರೋದು? ಹೇಗೆ ಕೂತಿದೀರಾ ಇದರ ಪಕ್ಕ?”

“ಯಾವ್ದು?”

“ಇದೇ. ಹಲ್ಲೆಲ್ಲ ಜುಂ ಅಂತಿದೆ.”

ಮೇಸ್ತ್ರಿ ಯಂತ್ರ ಆಫ್ ಮಾಡಿದ. “ಹಾಂ, ಈಗ ನಿಂತಿತು” ಎಂದಳು. ಅವನು ಸ್ಟೇಪ್ಲರ್ ಕೊಡಲಿಲ್ಲ. ಅವಳನ್ನು ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿ, “ಸದ್ದು ಬಂದಾಗ ಕೈ ಎತ್ತು, ನಿಂತಾಗ ಇಳಿಸು” ಎಂದ. ಕೀಬೋರ್ಡಿನ ಮೇಲೆ ಬೆರಳಿಟ್ಟು ಕಂಪೈಲ್ ಶುರು ಮಾಡಿದ, ಕೈ ಎದ್ದಿತು. ನಿಲ್ಲಿಸಿದ, ಕೈ ಇಳಿಯಿತು. ಮೋಸ ಮಾಡಿ ನೋಡೋಣವೆಂದು ಎರಡು ನಿಮಿಷ ಸುಮ್ಮನೆ ಕೂತ, ಕೈ ಏಳಲಿಲ್ಲ. ಹತ್ತಕ್ಕೆ ಹತ್ತು ಸಲವೂ ಹುಡುಗಿ ತಪ್ಪಲಿಲ್ಲ. ಅವನ ಪಾಲಿಗೆ ಕೋಣೆ ಮೊದಲಿನಿಂದ ಕೊನೆಯವರೆಗೂ ಒಂದೇ ಸಮ ನಿಶ್ಶಬ್ದವಾಗಿತ್ತು.

ಫ್ಯಾನಿಲ್ಲದ ಆ ಪವರ್ ಸಪ್ಲೈ ಒಳಗಿನ ತಂತಿಯ ಸುರುಳಿ, ಯಂತ್ರಕ್ಕೆ ಕೆಲಸ ಹೆಚ್ಚಾದಾಗೆಲ್ಲ ತೆಳ್ಳಗೆ ಕೂಗುತ್ತಿತ್ತು. ವಯಸ್ಸಾದ ಕಿವಿಗೆ ಮೊದಲು ತಪ್ಪಿಹೋಗುವುದೇ ಅಂಥ ಸಣ್ಣ ಕೂಗು. ಅಂಥ ಕೂಗು ಅವನಿಗೆ ಹೊಸದೇನಲ್ಲ, ಹಳೆಯ ಟಿವಿಗಳಲ್ಲಿ ಬೀದಿ ಬಾಗಿಲಿಂದಲೇ ಗುರುತು ಹಿಡಿಯುತ್ತಿದ್ದವನು ಅವನು. ಕ್ಯಾಬಿನೆಟ್ ತೆರೆದರೆ ಒಳಗೋಡೆಯಲ್ಲಿ ತನ್ನದೇ ಅಕ್ಷರ, ‘ಕೇಳಿದ್ದೇನೆ’. ಉಗುರಿನಿಂದ ಕೆರೆದು ತೆಗೆದ.

ಮಧ್ಯಾಹ್ನವೇ ಮನೆಗೆ ಹೋದ. ಹೆಂಡತಿ ಬಟ್ಟೆ ಮಡಚುತ್ತಿದ್ದಳು. “ನನಗೆ ಕಿವಿ ಹೋಗಿದ್ಯೇನೇ?” ಎಂದು ಕೇಳಿದ.

ಅವಳು ಮಡಚುವುದನ್ನು ನಿಲ್ಲಿಸಿದಳು. “ಎರಡು ಮೂರು ವರ್ಷ ಆಯ್ತಲ್ರೀ. ಕುಕ್ಕರ್ ಕೂಗಿದ್ದು ಕೇಳಿಸಲ್ಲ, ಕಾಲಿಂಗ್ ಬೆಲ್ ಕೇಳಿಸಲ್ಲ. ಎಷ್ಟು ಸಲ ಹೇಳ್ದೆ, ಬೈದ್ರಿ. ಆಮೇಲೆ ಹೇಳೋದು ಬಿಟ್ಟೆ.”

ಕೆಟ್ಟ ಯೋಚನೆಯೂ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸುಮ್ಮನೆ ಪವರ್ ಸಪ್ಲೈ ಬದಲಿಸಿ ಕೊಟ್ಟುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಅಕ್ಕನಿಗೂ ಕೇಳಿಸುವುದಿಲ್ಲ, ತಂಗಿಗೆ ಮಾತು ಬರುವುದಿಲ್ಲ. ಆದರೆ ಹೇಳದಿದ್ದರೆ ತಂಗಿ ಆ ಇಪ್ಪತ್ತು ಜನರ ಹಾಲಿನಲ್ಲೇ ಉಳಿಯುತ್ತಾಳೆ. ಚಪ್ಪಲಿ ಮೆಟ್ಟಿ ಹೊರಟ.

ಅಕ್ಕನ ಮನೆ ಬಾಗಿಲಲ್ಲೇ ನಿಂತು ಹೇಳಿದ. “ಯಂತ್ರ ಕೂಗ್ತಿತ್ತಮ್ಮ. ಮೊದಲನೇ ದಿನದಿಂದ್ಲೂ. ನನ್ನ ಕಿವಿ ಹೋಗಿದೆ, ನನಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೆ ಅಷ್ಟು ದೊಡ್ಡ ಮಾತಾಡ್ಬಿಟ್ಟೆ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಅವಳು ತೋರಿಸಿದ್ಲು ಮೇಸ್ತ್ರಿ. ಬೆರಳು ಮಾಡಿ ತೋರಿಸಿದ್ಲು. ನಾನು ಆ ಕೈನ ಕೆಳಗಿಳಿಸ್ಬಿಟ್ಟೆ.”

“ನಾನು ಹೇಳಿದ್ದಕ್ಕೆ ಇಳಿಸಿದ್ದಮ್ಮ.”

“ನೀವು ಹೊರಗಿನೋರು. ನಾನು ಅವಳ ಅಕ್ಕ.” ಹಾಗೆಂದು ಅವಳು ಬಿಕ್ಕಿ ಬಿಕ್ಕಿ ಅತ್ತಳು.

ನಾಲ್ಕು ಬಗೆಯ ಪವರ್ ಸಪ್ಲೈ ತರಿಸಿದ. ಈ ಸಲ ಪಟ್ಟಿ ಒತ್ತಿ ಕೂರಲಿಲ್ಲ. ಜೆರಾಕ್ಸ್ ಹುಡುಗಿಯನ್ನೂ ಅವಳ ಇಬ್ಬರು ಗೆಳತಿಯರನ್ನೂ ಕೂರಿಸಿ, ಮೂರು ದಿನ, ಒಂದೊಂದನ್ನೂ ಅವರ ಕಿವಿಗೆ ಒಪ್ಪಿಸಿದ. ಮೂವರೂ ಕೈ ಎತ್ತದೆ ಕೂತದ್ದು ಒಂದಕ್ಕೆ ಮಾತ್ರ, ಅದನ್ನೇ ಜೋಡಿಸಿದ.

ಭಾನುವಾರ ಬೆಳಿಗ್ಗೆ ಅಕ್ಕ ತಂಗಿಯನ್ನು ಆರೈಕೆ ಕೇಂದ್ರದಿಂದ ಮನೆಗೆ ಕರೆದುಕೊಂಡು ಬಂದಳು. ಮೇಸ್ತ್ರಿ ಯಂತ್ರವನ್ನು ಮೇಜಿನ ಮೇಲಿಟ್ಟು ಕಾಯುತ್ತಿದ್ದ. ತಂಗಿ ಅರ್ಧಕ್ಕರ್ಧ ಇಳಿದುಹೋಗಿದ್ದಳು, ಮಾತ್ರೆಯ ಮಂಪರು ಕಣ್ಣಿನಲ್ಲಿ ಇನ್ನೂ ಇತ್ತು. ಆದರೂ ಮಂಚ ಕಂಡ ಕೂಡಲೇ ಹೋಗಿ ಕೂತು, ತನ್ನ ಹೊದಿಕೆಯನ್ನು ಸವರಿದಳು. ಅಕ್ಕನ ಮುಖ ಅರಳಿತು. “ನೋಡು ಪುಟ್ಟಾ, ಈಗ ನಿಜವಾಗ್ಲೂ ಸದ್ದಿಲ್ಲ” ಎನ್ನುತ್ತಾ ಮೇಜಿನ ಮುಂದಿನ ಕುರ್ಚಿ ಎಳೆದಳು.

ಗುಂಡಿ ಒತ್ತಿಯೂ ಇರಲಿಲ್ಲ. ತಂಗಿಯ ಎರಡೂ ಕೈ ಕಿವಿ ಮುಚ್ಚಿಕೊಂಡವು.

“ಶುರುವೇ ಮಾಡಿಲ್ವಲ್ಲೇ” ಎಂದು ಅಕ್ಕ ನಗಲು ನೋಡಿದಳು. ವೈರ್ ಕಿತ್ತು, ಪ್ಲಗ್ಗನ್ನು ತಂದು ತಂಗಿಯ ಮಡಿಲಲ್ಲಿಟ್ಟಳು. “ನೋಡು, ಕಿತ್ತೇಬಿಟ್ಟೆ. ಇನ್ನು ಸದ್ದು ಎಲ್ಲಿಂದ ಬರುತ್ತೆ?” ಕೈ ಹಿಡಿದು ಮೆಲ್ಲಗೆ ಇಳಿಸಲು ಹೋದರೆ ತಂಗಿ ಇನ್ನೂ ಬಿಗಿಯಾಗಿ ಒತ್ತಿಕೊಂಡು ಗೋಡೆಯ ಕಡೆ ಸರಿದಳು. ಅಕ್ಕ ಮೇಸ್ತ್ರಿಯನ್ನು ನೋಡಿದಳು. “ಯಂತ್ರಾನೇ ಬೇಡ, ಆಚೆ ಇಟ್ಬಿಡಿ.”

ಅವನು ಯಂತ್ರವನ್ನು ಎತ್ತಿ ಹೊರಗಿನ ಮೆಟ್ಟಿಲ ಮೇಲಿಟ್ಟು ಬಂದ. ಕೈ ಇಳಿದಿರಲಿಲ್ಲ. ತಂಗಿಯ ಕಣ್ಣು ಖಾಲಿ ಮೇಜಿನ ಮೇಲೂ ಇರಲಿಲ್ಲ, ಬಾಗಿಲಲ್ಲಿ ನಿಂತ ಅವನ ಮೇಲೂ ಇರಲಿಲ್ಲ. ಅದು ಅಕ್ಕನ ಮೇಲಿತ್ತು. ಮೇಸ್ತ್ರಿಗೆ ಅರ್ಥವಾಯಿತು, ಯಂತ್ರ ತೋರಿಸಿದ ಆ ಕೈಯನ್ನು ಅಂದು ಇಳಿಸಿದವಳು ಅಕ್ಕ. ಅಕ್ಕನಿಗೂ ಅರ್ಥವಾಗಿರಬೇಕು. ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು, ಮತ್ತೊಂದು ಹೆಜ್ಜೆ, ಮತ್ತೊಂದು. ಅಡುಗೆಮನೆಯ ಒಳಗೆ ಹೋಗಿ ಕಾಣದಂತೆ ನಿಂತಳು.

ಸ್ವಲ್ಪ ಹೊತ್ತಿಗೆ ತಂಗಿಯ ಒಂದು ಕೈ ಮಡಿಲಿಗೆ ಬಂತು, ಆಮೇಲೆ ಇನ್ನೊಂದು.

“ಮೇಸ್ತ್ರಿ,” ಅಡುಗೆಮನೆಯಿಂದ ಅಕ್ಕ ಕೇಳಿದಳು. ಆ ಪಿಸುಮಾತು ಅವನಿಗೆ ಎರಡನೇ ಸಲಕ್ಕೆ ಕೇಳಿಸಿತು. “ಇಳಿಸಿದ್ಲಾ?”

“ಇಳಿಸಿದ್ಲಮ್ಮ” ಎಂದ.