ಟೈಲರ್ ರಂಗರಾಜು ಕಟ್ಟಿದ ಊರು

ತೆರಕಣಾಂಬಿಯ ಬಸ್ ಸ್ಟ್ಯಾಂಡಿನ ಎದುರು ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ರಂಗರಾಜು ಯಾರ ತಂಟೆಗೂ ಹೋದವನಲ್ಲ. ಹೇಳಿದ ದಿನಕ್ಕೆ ರವಿಕೆ ಕೊಡುವುದಿಲ್ಲ ಎಂಬ ಒಂದು ದೂರು ಬಿಟ್ಟರೆ ಅವನ ಮೇಲೆ ಇನ್ನೊಂದು ಮಾತಿರಲಿಲ್ಲ. ಅದಕ್ಕೂ ಕಾರಣವಿತ್ತು. ಮಿಷನ್ ತುಳಿಯುವಾಗಲೆಲ್ಲ ಅವನ ತಲೆಯೊಳಗೆ ಒಂದು ಕಥೆ ಓಡುತ್ತಿತ್ತು. ಕಥೆ ಜೋರಾದರೆ ಕಾಲು ನಿಂತುಬಿಡುತ್ತಿತ್ತು. ಎದುರು ಕೂತ ಹೆಂಗಸು "ಏನಣ್ಣ, ಮದ್ವೆ ಮುಗುದ್ಮೇಲೆ ಕೊಟ್ಟಿಯಾ?" ಎಂದು ರೇಗಿದಾಗ ಬೆಚ್ಚಿ ಮತ್ತೆ ತುಳಿಯುತ್ತಿದ್ದ.

ಅವನ ಊರು ಅಲ್ಲಿಂದ ಮೂರು ಮೈಲಿ ಆಚೆಯ ಗೊಬ್ಬಳಿಹುಂಡಿ, ಎಂಬತ್ತು ಮನೆಗಳ ಹಳ್ಳಿ. ಹತ್ತನೇ ಕ್ಲಾಸಿನಲ್ಲಿ ಗಣಿತ ಎರಡು ಸಲ ಕೈಕೊಟ್ಟ ಮೇಲೆ ಅಪ್ಪ ಅವನನ್ನು ಟೈಲರ್ ಅಂಗಡಿಗೆ ಸೇರಿಸಿದ್ದ. ಗಣಿತ ಹತ್ತದ ತಲೆಗೆ ದೆವ್ವದ ಕಾದಂಬರಿಗಳು ಚೆನ್ನಾಗಿಯೇ ಹತ್ತಿದವು. ಹಳೇ ಪೇಪರ್ ಅಂಗಡಿಯಲ್ಲಿ ಹುಡುಕಿ ತಂದು ರಟ್ಟು ಕಿತ್ತುಹೋಗುವವರೆಗೆ ಓದುತ್ತಿದ್ದ. ಮದುವೆಯಾಯಿತು, ಭಾಗ್ಯ ಹುಟ್ಟಿದಳು, ಅವಳು ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಹೆಂಡತಿ ಕಾಮಾಲೆಯಿಂದ ತೀರಿಕೊಂಡಳು. ಮನೆಯಲ್ಲಿ ಉಳಿದದ್ದು ಅವನು, ಅವನ ತಾಯಿ ದೊಡ್ಡಮಲ್ಲಮ್ಮ, ಮಗಳು. ಮಗಳನ್ನು ಒಂದು ಒಳ್ಳೇ ಮನೆ ಸೇರಿಸಿಬಿಟ್ಟರೆ ಸಾಕು ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಅದು ಬರೀ ಮಾತಾಗಿರಲಿಲ್ಲ, ಅವನಿಗೆ ಬೇರೆ ಆಸೆಯೇ ಇರಲಿಲ್ಲ.

ಕೊರೊನಾ ಬಂದು ಅಂಗಡಿಗೆ ಬೀಗ ಬಿದ್ದಾಗ ಭಾಗ್ಯಳೇ ಅಪ್ಪನ ಫೋನಿಗೆ ಕಥೆ ಹೇಳುವ ಒಂದು ಆ್ಯಪ್ ಹಾಕಿಕೊಟ್ಟಳು. "ಸುಮ್ಕ ತಲೇಲಿ ಕೊಳೀತಾವ ಕಣಪ್ಪ, ಏಳ್ಬುಡು" ಎಂದಳು. ರಂಗರಾಜು ಹೇಳಿಬಿಟ್ಟ. ಅವನ ಕಥೆಯ ಊರಿನ ಹೆಸರು ಮೂಗಿಪುರ, ಯಾವ ನಕಾಶೆಯಲ್ಲೂ ಇಲ್ಲದ ಊರು. ನೂರು ವರ್ಷದ ಹಿಂದೆ, ಪ್ಲೇಗಿನ ಕಾಲದಲ್ಲಿ, ಮಾತು ಬಾರದ ಒಬ್ಬಳು ಮದುವಣಗಿತ್ತಿ ಆ ಊರಿಗೆ ಬರುತ್ತಾಳೆ. ಅವಳ ಮೈ ಸುಡುತ್ತಿರುತ್ತದೆ. ಊರಿನವರು ಹೆದರಿ ಅವಳನ್ನು ಸೀರೆ ಬಳೆ ಸಮೇತ ಹಗೇವಿಗೆ, ಅಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿಗೆ, ಇಳಿಸಿ ಚಪ್ಪಡಿ ಮುಚ್ಚುತ್ತಾರೆ. ಕೂಗಲು ಬಾರದ ಆ ಹೆಣ್ಣು ಮೂರು ದಿನ ಒಳಗಿನಿಂದ ಕಲ್ಲು ತಟ್ಟುತ್ತಾಳೆ. ತಟ್ಟುವುದು ನಿಂತ ದಿನ ಶಾಪ ಶುರುವಾಗುತ್ತದೆ: ಮೂಗಿಪುರದ ಹೆಣ್ಣನ್ನು ಯಾರು ಸೊಸೆ ಮಾಡಿಕೊಂಡರೂ ಆ ಮನೆಯ ಹಿರೀಮಗ ವರ್ಷ ತುಂಬುವುದರೊಳಗೆ ಸಾಯುತ್ತಾನೆ. ಈ ಶಾಪಕ್ಕೆ ವಿಮೋಚನೆಯೇ ಇಲ್ಲ ಎಂದೂ ರಂಗರಾಜು ಸೇರಿಸಿದ. ವಿಮೋಚನೆ ಇಟ್ಟರೆ ಕಥೆ ಮುಗಿಯುತ್ತದಲ್ಲ. ಕೇಳುವವರು ಇನ್ನೂ ಬೇಕು ಎನ್ನುತ್ತಿದ್ದರು.

ಊರು ಸುಳ್ಳಾದರೂ ಊರಿನ ಸಾಮಾನು ನಿಜವಾಗಿತ್ತು. ಟೈಲರ್ ಆದವನು ಉಳಿದ ತುಂಡುಬಟ್ಟೆ ಬಿಸಾಡುವುದಿಲ್ಲ, ಕಥೆಯಲ್ಲೂ ಹಾಗೆಯೇ ಮಾಡಿದ. ಗೊಬ್ಬಳಿಹುಂಡಿಯ ಮಾರಿಗುಡಿ ಮುಂದೆ ನಿಜಕ್ಕೂ ಒಂದು ಹಳೇ ಹಗೇವು ಇತ್ತು. ಅದರ ಚಪ್ಪಡಿಯ ಮೇಲೆ ಗಂಡಸರು ಕೂತು ಹರಟುತ್ತಿದ್ದರು. ಪಕ್ಕದಲ್ಲಿ ವಾಲಿದ ಹುಣಿಸೆಮರ. ಎಲ್ಲವೂ ಇದ್ದ ಹಾಗೆಯೇ ಕಥೆಯೊಳಗೆ ಹೋಗಿ ಕೂತವು. ಪಾಪ, ಇದರಿಂದ ಯಾರಿಗೆ ಏನಾದೀತು ಎಂದು ಅವನಿಗೆ ಹೊಳೆಯಲೇ ಇಲ್ಲ.

ಭಾಗ್ಯ ಗುಂಡ್ಲುಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ಎರಡನೇ ವರ್ಷ ಉಮ್ಮತ್ತೂರಿನ ಮಾದಣ್ಣನ ಹಿರೀಮಗನಿಗೆ ಅವಳನ್ನು ಕೇಳಿಕೊಂಡು ಬಂದರು. ಒಪ್ಪಿಗೆಯಾಯಿತು, ವೀಳ್ಯಶಾಸ್ತ್ರ ಮುಗಿಯಿತು. ಅದಾದ ಹದಿನೈದೇ ದಿನಕ್ಕೆ ಯಾರೋ ಕಥೆ ಕೇಳಿದ ಹುಡುಗರು ಬೈಕಿನಲ್ಲಿ ಬಂದು, ಆ ಚಪ್ಪಡಿಯ ಮುಂದೆ ನಿಂತು, 'ನಿಜವಾದ ಮೂಗಿಪುರ ಇದೇ' ಎಂದು ವಿಡಿಯೊ ಮಾಡಿ ಬಿಟ್ಟರು. ವಾರದೊಳಗೆ ಅದು ತಾಲ್ಲೂಕಿನ ಎಲ್ಲ ಫೋನುಗಳಿಗೂ ಹೋಯಿತು.

ಮಾದಣ್ಣ ಒಬ್ಬನೇ ಬಂದ. ಹೋದ ಸಲ ಬಾಯಿ ತುಂಬ ಬೀಗ್ರೇ ಎಂದವನು ಈ ಸಲ ರಂಗರಾಜಣ್ಣ ಎಂದ. ಅಷ್ಟರಲ್ಲೇ ರಂಗರಾಜುವಿಗೆ ಅವನು ಬಂದ ಕಾರಣ ಗೊತ್ತಾಯಿತು.

"ಅದು ನಾನೇ ಕಟ್ಟಿದ್ದು ಕಣ ಬೀಗ್ರೆ," ಎಂದ. "ನನ್ ತಲೇಲಿ ಉಟ್ಟಿದ್ದು. ಅಂಥ ಹೆಣ್ಣೂ ಇರ್ನಿಲ್ಲ, ಅಂಥ ಶಾಪನೂ ಇಲ್ಲ."

"ನೀನೇ ಏಳಿದ್ದು ಅಂತಲೇ ಭಯ ಕಣಣ್ಣ. ಬ್ಯಾರೆ ಊರೋನು ಏಳಿದ್ರ ಸುಳ್ಳು ಅನ್ನಬೌದಾಗಿತ್ತು. ಊರೊಳಗಿರೋನು, ಏನೂ ಇಲ್ದೇ ತನ್ನೂರ್ ಮೇಲೆ ಅಂಗೆ ಏಳ್ತಾನಾ?" ಆಮೇಲೆ ಬೆರಳು ಮಡಿಸಿದ. "ನಿಮ್ಮೂರ್ ಹೆಣ್ ತಂದ ಬೇಗೂರೋನು ಕರೆಂಟ್ ಹೊಡ್ದು ಓದ. ಕಬ್ಬಹಳ್ಳಿಯೋನು ಬೈಕಿಂದ ಬಿದ್ದು ಓದ. ಇಬ್ರೂ ಹಿರೀಮಕ್ಳೇ."

ಎಂಬತ್ತು ಮನೆಗಳಿಂದ ಇಷ್ಟು ವರ್ಷದಲ್ಲಿ ಎಷ್ಟು ಹೆಣ್ಣು ಹೊರಗೆ ಹೋಗಿವೆ, ಎಷ್ಟು ಜನ ಅಳಿಯಂದಿರು ಗುಂಡುಕಲ್ಲಿನ ಹಾಗಿದ್ದಾರೆ ಎಂದು ರಂಗರಾಜು ಗಂಟಲು ಹರಿದುಕೊಂಡ. ಬದುಕಿದ್ದವರನ್ನು ಯಾರು ಎಣಿಸುತ್ತಾರೆ! ಕೊನೆಗೆ ಮಾದಣ್ಣ ಎದ್ದು ನಿಂತು, "ಊರೋರು ಸೇರಿ ಒಂದ್ ಶಾಂತಿ ಮಾಡ್ಸಿ. ಆಮೇಲ್ ನೋಡನ" ಎಂದು ಹೇಳಿ ಹೊರಟ.

ಊರಿನ ಯಜಮಾನ ಸಿದ್ದಮಲ್ಲಪ್ಪ ನ್ಯಾಯ ಸೇರಿಸಿದ. ಅವನ ಮೊಮ್ಮಗಳಿಗೆ ಬಂದಿದ್ದ ಸಂಬಂಧವೂ ಆ ವಾರವೇ ಹಿಂದೆ ಸರಿದಿತ್ತು. ಇಲ್ಲದ ಶಾಪಕ್ಕೆ ಶಾಂತಿ ಯಾಕೆ ಎಂದು ರಂಗರಾಜು ಕೇಳಿದಾಗ ಯಜಮಾನ ನಕ್ಕ.

"ಇಲ್ಲ ಅಂತ ನಂಗೂ ಗೊತ್ತು ಕಣ್ಲಾ. ಇದ್ರ ಕಳೀತದ, ಇಲ್ದಿದ್ರ ನಾವು ಕಳ್ಕಳದೇನು?"

ಎಷ್ಟು ಸರಿಯಾಗಿ ಕೇಳಿಸುತ್ತದೆ ಆ ಮಾತು! ಊರಿಗೆ ಊರೇ ತಲೆಯಾಡಿಸಿತು. ಆ ಮಾತಿನಲ್ಲೇ ಊರು ಮುಳುಗಿದ್ದು. ರಂಗರಾಜುವಿಗೆ ಒಳಗೇ ಕಸಿವಿಸಿಯಾಯಿತು, ಆದರೆ ಮಾದಣ್ಣ ಕೇಳಿದ್ದು ಶಾಂತಿಯನ್ನೇ ತಾನೇ? ಮಗಳ ಮದುವೆ ನಿಲ್ಲದಿದ್ದರೆ ಸಾಕು ಎಂದುಕೊಂಡು ಅವನೂ ಹೂಂ ಅಂದ.

ಕಥೆ ಹೊರಗೆ ಬಿಟ್ಟವನೇ ಪೂಜೆಗೆ ಕೂರಬೇಕು ಎಂದರು. ಸೋಮವಾರ ಬೆಳಿಗ್ಗೆ ಒದ್ದೆಬಟ್ಟೆಯಲ್ಲಿ ರಂಗರಾಜು ಹಗೇವಿನ ಮುಂದೆ ಕೂತ. ಪೂಜೆಯವನು ಎಡೆ ಇಟ್ಟು, "ಆಯಮ್ಮನ್ ಹೆಸ್ರೇನು?" ಎಂದ. ಕಥೆಯಲ್ಲಿ ಆ ಮೂಗಿಗೆ ಅವನು ಹೆಸರಿಟ್ಟೇ ಇರಲಿಲ್ಲ. ಸುತ್ತ ನಿಂತ ನೂರಾರು ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. ತೋಚಿದ್ದನ್ನು ಹೇಳಿದ: ನಿಂಗಾಜಮ್ಮ. "ನಮ್ಮೂರೋರು ಮಾಡಿದ್ ತಪ್ಪ ಹೊಟ್ಟೆಗ್ ಹಾಕ್ಕೊ, ನಿಂಗಾಜಮ್ಮ ತಾಯಿ" ಎಂದು ಅವನ ಬಾಯಿಂದಲೇ ಮೂರು ಸಲ ಹೇಳಿಸಿದರು. ಮೂರನೇ ಸಲ ಹೇಳುವಾಗ ಅವನಿಗೇ ಅಳು ಬಂತು. ಹೆಂಗಸರೂ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ಆಮೇಲೆ ಚಪ್ಪಡಿ ಎತ್ತಿದರು. ಒಳಗೆ ಮಣ್ಣು, ಕೊಳೆತ ಹೊಟ್ಟು, ಬೀಡಿ ತುಂಡು. ಇಳಿದವನು ಮಣ್ಣು ಕೆದರಿ ಒಂದು ಹಸಿರು ಬಳೆ ಚೂರು ಎತ್ತಿ ಹಿಡಿದ. ಯಾವ ಊರಿನ ಯಾವ ಗುಂಡಿ ಕೆದರಿದರೂ ಬಳೆ ಚೂರು ಸಿಗುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೂ ಆ ಕ್ಷಣ ಅಲ್ಲಿದ್ದವರೆಲ್ಲ ಕೈ ಮುಗಿದರು, ರಂಗರಾಜುವೂ ಮುಗಿದ.

ಮಾರನೇ ದಿನವೇ ಮಾದಣ್ಣನ ಫೋನ್ ಬಂತು. "ಬೇಜಾರ್ ಮಾಡ್ಕಬ್ಯಾಡ ಕಣಣ್ಣ. ಶಾಂತಿ ಮಾಡುಸುದ್ರಿ ಅಂದ್ರ, ಇತ್ತು ಅಂತಾಯ್ತಲ್ಲ. ಬಳೆನೂ ಸಿಕ್ತಂತೆ." ತಾವು ಕೊಟ್ಟಿದ್ದ ಸೀರೆ ವಾಪಸ್ ಕೊಡುವುದು ಬೇಡ, ಆ ಮನೆಯಿಂದ ಏನೂ ತರಬಾರದು ಎಂದು ತಮ್ಮ ಹಿರಿಯರು ಹೇಳಿದ್ದಾರೆ ಎಂದ. ಭಾಗ್ಯ ಪಕ್ಕದಲ್ಲೇ ನಿಂತಿದ್ದಳು. ಒಳಗೆ ಹೋಗಿ ಒಲೆ ಹಚ್ಚಿದಳು.

ಆಮೇಲೆ ಮನೆಯೊಳಗೂ ಆ ಕಥೆ ಬಂತು. ಒಂದು ದಿನ ಊಟಕ್ಕೆ ಕೂತಾಗ ದೊಡ್ಡಮಲ್ಲಮ್ಮ ತಾನಾಗಿಯೇ ಶುರು ಮಾಡಿದಳು: "ನಿಂಗಾಜಮ್ಮನ್ ಸುದ್ದಿಯ ನಮ್ಮಜ್ಜಿ ಏಳ್ತಿತ್ತು ಕಣ. ಬಲು ಚೆಂದಿತ್ತಂತೆ ಆ ಹೆಣ್ಣು."

"ಅವ್ವಾ, ಆ ಹೆಸ್ರ ನಾನು ಮೊನ್ನೆ ಕಟ್ಟಿದ್ದು!"

"ಸುಮ್ಕಿರ್ಲಾ. ನೀನೆಲ್ ಕಟ್ದೆ? ಚಿಕ್ಕೋನಾಗಿದ್ದಾಗ ನಾನೇ ಏಳಿರ್ಬೇಕು, ನಿಂಗ ಮರ್ತೋಗದ."

ಅವತ್ತು ರಂಗರಾಜು ಅನ್ನ ಬಿಟ್ಟು ಎದ್ದ. ತಾಯಿ ಸುಳ್ಳು ಹೇಳುವವಳಲ್ಲ. ತಾನು ಕಟ್ಟಿದೆನೋ, ಕೇಳಿದ್ದು ಮರೆತು ಕಟ್ಟಿದೆ ಎಂದುಕೊಂಡೆನೋ ಎಂದು ಅಂಗಡಿಯಲ್ಲಿ ಕೂತು ತಲೆ ಕೆಡಿಸಿಕೊಂಡ.

ಅವನ ಕೈಲಿ ಉಳಿದಿದ್ದು ಒಂದೇ ದಾರಿ. ಮೂಗಿಪುರಕ್ಕೆ ಕೊನೆಯ ಕಂತು ಹೇಳಿದ. ಆ ಹೆಣ್ಣು ಊರನ್ನು ಕ್ಷಮಿಸುತ್ತಾಳೆ, ಶಾಪ ಬಿಡುತ್ತದೆ, ಮದುವೆಗಳು ನಡೆಯುತ್ತವೆ. ಅವನು ಹೇಳಿದ ಕಥೆಗಳಲ್ಲೆಲ್ಲ ಅದೇ ಚೆನ್ನಾಗಿತ್ತು ಎಂದು ಭಾಗ್ಯ ಹೇಳಿದಳು. ಕೇಳಿದವರು ಕೆಳಗೆ ಬರೆದದ್ದು ಬೇರೆ: ಹಿಂದಿನದೆಲ್ಲ ನಡೆದದ್ದು, ಇದೊಂದು ಮಾತ್ರ ಮಗಳ ಮದುವೆಗಾಗಿ ಕಟ್ಟಿದ್ದು. ಸಿಟ್ಟಿನಿಂದ ಎಲ್ಲ ಕಂತುಗಳನ್ನೂ ಅಳಿಸಿಹಾಕಿದ. ಗೊಬ್ಬಳಿಹುಂಡಿಯವರು ಹೆದರಿಸಿ ಅಳಿಸಿದರಂತೆ ಎಂದು ಸುದ್ದಿಯಾಯಿತು. ಮುಂದಿನ ಎರಡು ವರ್ಷ ಆ ಊರಿನಿಂದ ಒಂದು ಹೆಣ್ಣೂ ಹೊರಗೆ ಹೋಗಲಿಲ್ಲ. ಮದುವೆ ರವಿಕೆ ಹೊಲಿಸುವವರು ಅವನ ಅಂಗಡಿ ದಾಟಿ ಮುಂದೆ ಹೋಗತೊಡಗಿದರು. ದಾರಿಯಲ್ಲಿ ರಂಗರಾಜು ಎದುರಾದರೆ ಸಿದ್ದಮಲ್ಲಪ್ಪ ಮುಖ ತಿರುಗಿಸಿಕೊಳ್ಳುತ್ತಿದ್ದ. ಶಾಂತಿ ಮಾಡಿಸಿದ್ದು ತಾನು ಎಂಬುದು ಅವನಿಗೆ ನೆನಪಿದ್ದ ಹಾಗೆ ಕಾಣಲಿಲ್ಲ.

ಹೀಗಿರುವಾಗ ಹಂಗಳದಿಂದ ಒಬ್ಬ ಬಂದ. ಹೆಸರು ಮಾದೇಶ, ಕಾಡಿನ ಸಫಾರಿ ಜೀಪ್ ಡ್ರೈವರ್. ಭಾಗ್ಯಳನ್ನು ಬಟ್ಟೆ ಅಂಗಡಿಯಲ್ಲಿ ನೋಡಿ ಮೆಚ್ಚಿದ್ದ. ಅಪ್ಪನಿಲ್ಲದ ಮನೆಯ ಹಿರೀಮಗ, ತಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ನೇರ ಮನೆಗೇ ಬಂದುಬಿಟ್ಟ.

"ದಿನಾ ಆನೆ ಮುಂದೆ ಜೀಪ್ ಓಡುಸ್ತೀನಿ ಮಾವ, ರಾಗಿ ಗುಂಡಿಗೆ ಎದ್ರುಕತೀನಾ?" ಎಂದು ನಕ್ಕ. ತಾಯಿಯೂ ಹಿಂದೆಮುಂದೆ ನೋಡುವ ಹೆಂಗಸಲ್ಲ. "ಮಗಳ ಒಂದು ಮಾತ್ ಕೇಳ್ಬುಡಣ್ಣ, ಇವತ್ತೇ ಎಲೆ ಅಡಿಕೆ ಇಡನ" ಎಂದಳು.

ಎರಡು ವರ್ಷದ ಮೇಲೆ ಆ ಮನೆಯಲ್ಲಿ ಯಾರೋ ಮಾವ ಎಂದಿದ್ದರು. ರಂಗರಾಜು ಕಣ್ಣೊರೆಸಿಕೊಂಡು ಅಡುಗೆಮನೆಗೆ ಓಡಿದ. ಭಾಗ್ಯ ಕಾಫಿ ಲೋಟಗಳನ್ನು ತಟ್ಟೆಗಿಟ್ಟು ಹಾಗೇ ನಿಂತಿದ್ದಳು.

"ಒಳ್ಳೇ ಹುಡುಗ ಕಣಮ್ಮಿ. ಹೂಂ ಅನ್ಬುಡು."

"ಒಳ್ಳೇವ್ನು ಅಂತಲೇ ಬ್ಯಾಡ ಅಂತೀನಿ ಅಪ್ಪ."

ಮಗಳೂ ಶಾಪಕ್ಕೆ ಹೆದರಿದ್ದಾಳೆ ಎಂದು ಆಗ ಅವನಿಗೆ ಹೊಳೆಯಿತು. "ನಿಂಗ ಗೊತ್ತಲ್ಲವ್ವ, ನಿನ್ ಮುಂದೇನೇ ಕೂತ್ಕಂಡು ಕಟ್ಟಿದ್ದು ಅದ" ಎಂದ.

"ಗೊತ್ತು. ನಿಂಗಿಂತ ಚೆನ್ನಾಗ್ ಗೊತ್ತು. ಆದ್ರೂ ಅವ್ರು ಅಂಗಡಿಗ್ ಬಂದು ಬೈಕ್ ಹತ್ತಿ ಓದಾಗೆಲ್ಲ, ಮನೆ ಸೇರುದ್ರೋ ಇಲ್ವೋ ಅಂತ ಎದೆ ಡವಡವ ಅಂತದ. ವರ್ಷವೆಲ್ಲ ಅಂಗೆ ಬಾಳಕ್ಕಾದದಾ?" ಅವಳು ಸೆರಗು ಸರಿಮಾಡಿಕೊಂಡು ಅಪ್ಪನ ಹತ್ತಿರ ಬಂದು ತಲೆ ತಗ್ಗಿಸಿದಳು. "ನೀನು ಅಂದ್ರ ನಂಬ್ತೀನಿ ಅಪ್ಪ. ಅವ್ರಿಗೆ ಏನೂ ಆಗಲ್ಲ ಅಂತ ನನ್ ತಲೆ ಮುಟ್ಟಿ ಏಳ್ಬುಡು, ಈಗ್ಲೇ ಹೂಂ ಅಂತೀನಿ."

ಇಷ್ಟೇ ತಾನೇ! ರಂಗರಾಜು ಕೈ ಎತ್ತಿದ. ಸುಳ್ಳು ಕಟ್ಟಿದವನು ಅವನೇ. ಆ ಮೂಗಿಗೆ ಸೀರೆ ಉಡಿಸಿದ್ದು, ಬಳೆ ತೊಡಿಸಿದ್ದು, ಹೆಸರಿಟ್ಟದ್ದು ಎಲ್ಲ ಅವನೇ. ಹೊರಗೆ ಮಾದೇಶ ಏನೋ ಹೇಳಿ ದೊಡ್ಡಮಲ್ಲಮ್ಮನನ್ನು ನಗಿಸುತ್ತಿದ್ದ. ಮುಟ್ಟಿ ಹೇಳಿದ ಮೇಲೆ ಆ ಹುಡುಗನಿಗೆ ಏನಾದರೂ ಆಗಿಬಿಟ್ಟರೆ, ಆ ಆಣೆ ಮಗಳ ತಲೆಗೇ ಬರುತ್ತದಲ್ಲ ಎಂದು ಒಂದು ಯೋಚನೆ ಬಂತು. ಬಂದದ್ದು ಹೋಗಲಿಲ್ಲ. ಮಗಳ ಬೈತಲೆಯ ಮೇಲೆ ಗೇಣು ದೂರದಲ್ಲಿ ಕೈ ನಿಂತುಬಿಟ್ಟಿತು.

ಭಾಗ್ಯ ಕಾದಳು. ಆಮೇಲೆ ಮೆಲ್ಲಗೆ ತಲೆ ಎತ್ತಿ, ಗಾಳಿಯಲ್ಲಿದ್ದ ಅಪ್ಪನ ಕೈಯನ್ನು ಹಿಡಿದು ಕೆಳಗಿಳಿಸಿ, ಕಾಫಿ ತಟ್ಟೆ ಎತ್ತಿಕೊಂಡು ಬೇಡ ಎಂದು ಹೇಳಲು ಹೊರಗೆ ಹೋದಳು.